ಡ್ರಮ್ ಯಂತ್ರವೂ ಹಿಪ್-ಹಾಪ್ ಸಂಗೀತವೂ

ನಮ್ಮ ವಿದ್ಯಾರ್ಥಿಗಳು ಇಂದು ಮೊಬೈಲಿನಲ್ಲಿ ಆಲಿಸುವ ಹಾಡುಗಳಲ್ಲಿ ಡ್ರಮ್ಮಿನ ಪೆಟ್ಟು ಎಲ್ಲಕ್ಕಿಂತ ಮುಂದೆ ನಿಂತು ಕೇಳಿಸುತ್ತದೆ. ಆದರೆ ಅಂತಹ ಎಷ್ಟೋ ಹಾಡುಗಳಲ್ಲಿ ಆ ಪೆಟ್ಟನ್ನು ಆ ಹಾಡಿಗಾಗಿ ಯಾರೂ ಬಾರಿಸಿರುವುದಿಲ್ಲವೆಂಬ ಸಂಗತಿ ಅನೇಕರಿಗೆ ತಿಳಿಯದು. ಎಂದೋ ಎಲ್ಲಿಯೋ ಒಬ್ಬನು ಬಾರಿಸಿದ ಪೆಟ್ಟನ್ನು ಯಂತ್ರವೊಂದು ತನ್ನ ನೆನಪಿನಲ್ಲಿ ಇರಿಸಿಕೊಂಡು, ಬೇಕೆಂದಾಗ, ಬೇಕೆಂದಷ್ಟು ಸಲ ಹೊರಗೆ ಕೊಡುತ್ತದೆ. ಈ ಬಗೆಯ ಯಂತ್ರಗಳಲ್ಲಿ ಮೊದಲ ತಲೆಮಾರಿನವು ೧೯೮೦ರಿಂದ ೧೯೯೪ರ ಅವಧಿಯಲ್ಲಿ ಹೊರಬಂದವು. ಅವುಗಳ ನೆನಪು ಬಹಳ ಚಿಕ್ಕದಾಗಿತ್ತು. ಆ ಚಿಕ್ಕ ನೆನಪಿನಿಂದಲೇ ಅಮೆರಿಕದ ಬಡ ಕೇರಿಗಳಲ್ಲಿ ಒಂದು ಹೊಸ ಸಂಗೀತಶೈಲಿ ರೂಪುಗೊಂಡಿತೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರ‍್ಯಾಪ್ ಎಂಬುದು ಸಂಗೀತವೇ ಅಲ್ಲ, ಅದು ಬರಿಯ ಮಾತು ಮತ್ತು ಯಂತ್ರದ ಗದ್ದಲವೆಂದು ಪಾಲಕರಲ್ಲಿ ಹಲವರು ನಮ್ಮೊಡನೆ ಹೇಳುವುದುಂಟು. ಆ ತೀರ್ಪು ಕೊಡುವ ಮೊದಲು ಯಂತ್ರದ ಒಳಗೆ ಏನಿತ್ತು, ಅದನ್ನು ಯಾರು ಯಾವ ಸ್ಥಿತಿಯಲ್ಲಿ ಕೈಗೆತ್ತಿಕೊಂಡರು ಎಂಬುದನ್ನು ವಿಚಾರಿಸುವುದು ನ್ಯಾಯ. ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು: ಲಯಬದ್ಧವಾಗಿ ಪ್ರಾಸಗೂಡಿಸಿ ಮಾತಾಡುವುದಕ್ಕೆ ರ‍್ಯಾಪ್ ಎಂದು ಹೆಸರು, ಆ ಮಾತು, ಅದರ ಹಿಂದಿನ ವಾದ್ಯ, ಅದರೊಡನೆ ಬೆಳೆದ ನೃತ್ಯ, ಗೋಡೆಚಿತ್ರ ಎಲ್ಲವೂ ಕೂಡಿದುದು ಹಿಪ್-ಹಾಪ್. ನಮ್ಮ ವಿಷಯ ಮಾತಿನದಲ್ಲ, ಅದರ ಹಿಂದಿನ ವಾದ್ಯದ್ದು.

ನ್ಯೂಯಾರ್ಕ್ ನಗರದ ಉತ್ತರ ಭಾಗಕ್ಕೆ ಬ್ರಾಂಕ್ಸ್ ಎಂದು ಹೆಸರು. ೧೯೭೩ರ ಆಗಸ್ಟ್ ೧೧ರಂದು ಅಲ್ಲಿಯ ಸೆಜ್ವಿಕ್ ಅವೆನ್ಯೂವಿನ ೧೫೨೦ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್ಬೆಲ್ ಎಂಬ ಹುಡುಗಿ ಒಂದು ಕೂಟವನ್ನು ಏರ್ಪಡಿಸಿದಳು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸುವುದು ಅವಳ ಉದ್ದೇಶವಾಗಿತ್ತು. ಗ್ರಾಮಫೋನು ತಟ್ಟೆಗಳನ್ನು ಹಾಕುವ ಕೆಲಸ ಅವಳ ಅಣ್ಣ ಕ್ಲೈವ್‌ನದು. ಜಮೈಕ ದ್ವೀಪದಿಂದ ಬಂದು ನೆಲೆಸಿದ ಕುಟುಂಬದ ಈ ೧೮ ವರ್ಷದ ತರುಣನು ಕೂಲ್ ಹರ್ಕ್ ಎಂಬ ಹೆಸರಿನಿಂದ ಪ್ರಸಿದ್ಧನಾದನು. ಹಾಡಿನ ನಡುವೆ ಗಾಯನ ಮತ್ತು ಇತರ ವಾದ್ಯಗಳು ನಿಂತು, ಡ್ರಮ್ ಮಾತ್ರ ನುಡಿಯುವ ಕೆಲವು ಕ್ಷಣಗಳು ಬಂದಾಗ ಕುಣಿಯುವವರ ಉತ್ಸಾಹ ಹೆಚ್ಚುವುದನ್ನು ಅವನು ಗಮನಿಸಿದ್ದನು. ನಮ್ಮ ಕಚೇರಿಗಳಲ್ಲಿ ತನಿ ಆವರ್ತನವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭೇದವಿಷ್ಟೆ: ತನಿ ಆವರ್ತನ ಹತ್ತು ಹದಿನೈದು ನಿಮಿಷ ನಡೆದೀತು, ಅಮೆರಿಕದ ಈ ತಟ್ಟೆಗಳಲ್ಲಿ ಆ ಭಾಗ ಬಹಳಮಟ್ಟಿಗೆ ಐದು, ಹತ್ತು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನದು. ಇದನ್ನು ಅಲ್ಲಿಯವರು ಬ್ರೇಕ್ ಎಂದು ಕರೆಯುತ್ತಾರೆ. ಹರ್ಕ್ ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಮತ್ತೊಂದರಲ್ಲಿ ಅದನ್ನೇ ಆರಂಭಿಸಿ, ಆ ಹತ್ತು ಸೆಕೆಂಡನ್ನು ಹತ್ತು ನಿಮಿಷದವರೆಗೆ ಎಳೆಯುವ ಉಪಾಯವನ್ನು ರೂಢಿಸಿಕೊಂಡನು.

ಆ ಕಾಲದ ನ್ಯೂಯಾರ್ಕಿನ ಸ್ಥಿತಿಯನ್ನೂ ಓದುಗರು ತಿಳಿದಿರಬೇಕು. ೧೯೭೫ರಲ್ಲಿ ಆ ನಗರದ ಬೊಕ್ಕಸ ಬರಿದಾಗುವ ಸ್ಥಿತಿಗೆ ಬಂದಿತು. ಆಡಳಿತ ವೆಚ್ಚವನ್ನು ಕತ್ತರಿಸಿದಾಗ ಶಾಲೆಗಳ ಸಂಗೀತ ಮತ್ತು ಚಿತ್ರಕಲೆಯ ಶಿಕ್ಷಕರಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಯಾವ ದೇಶದಲ್ಲಾದರೂ ಹಣದ ಕತ್ತರಿ ಮೊದಲು ತಾಗುವುದು ಈ ತರಗತಿಗಳಿಗೇ ಎಂಬುದು ಶಾಲೆ ನಡೆಸುವವರಿಗೆ ಹೊಸ ಸುದ್ದಿಯಲ್ಲ. ವಾದ್ಯವೂ ಇಲ್ಲದೆ, ಕಲಿಸುವವರೂ ಇಲ್ಲದೆ ಬೆಳೆದ ಒಂದು ಪೀಳಿಗೆಗೆ ಕೈಗೆ ಸಿಕ್ಕಿದ್ದು ಮನೆಯ ಹಿರಿಯರು ಕೂಡಿಟ್ಟ ಹಳೆಯ ತಟ್ಟೆಗಳು. ಹರ್ಕ್ ಮೊದಲಾದವರು ಕೈಯಿಂದ ಮಾಡುತ್ತಿದ್ದುದನ್ನು ಮುಂದೆ ಯಂತ್ರ ಮಾಡಿತು; ಆದರೆ ಅಭಿರುಚಿ ಮೊದಲು ಹುಟ್ಟಿತು, ಯಂತ್ರ ಆಮೇಲೆ ಬಂದಿತೆಂಬುದನ್ನು ಮರೆಯಬಾರದು.

ಇನ್ನು ಯಂತ್ರದ ಮಾತಿಗೆ ಬರೋಣ. ತಾನಾಗಿ ಲಯ ನುಡಿಸುವ ವಿದ್ಯುದ್ಯಂತ್ರ ೧೯೩೧ರಷ್ಟು ಹಿಂದೆಯೇ ಇತ್ತು. ಆದರೆ ಬಹುಕಾಲ ಇವು ಪಿಯಾನೊ, ಆರ್ಗನ್ ನುಡಿಸುವವರಿಗೆ ಜೊತೆಗೂಡುವ ಟಕಟಕ ಪೆಟ್ಟಿಗೆಗಳಷ್ಟೇ ಆಗಿದ್ದವು. ೧೯೮೦ರಲ್ಲಿ ಎರಡು ಭಿನ್ನ ಮಾರ್ಗಗಳು ಒಟ್ಟಿಗೆ ಕಾಣಿಸಿಕೊಂಡವು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಆರ್-೮೦೮ ಎಂಬ ಯಂತ್ರ ವಿದ್ಯುನ್ಮಂಡಲಗಳಿಂದಲೇ ಡ್ರಮ್ಮನ್ನು ಹೋಲುವ ಶಬ್ದವನ್ನು ಹೊಸದಾಗಿ ಹುಟ್ಟಿಸುತ್ತಿತ್ತು. ಅದರ ತಗ್ಗು ಸ್ವರದ ದೊಡ್ಡ ಪೆಟ್ಟು ನಿಜವಾದ ಡ್ರಮ್ಮಿನಂತಿರಲಿಲ್ಲ. ನೆಲದಡಿಯಿಂದ ಎದ್ದುಬಂದ ಗುಡುಗಿನಂತಿತ್ತು. ಸುಮಾರು ೧೨,೦೦೦ ಯಂತ್ರಗಳು ತಯಾರಾದ ಮೇಲೆ ೧೯೮೩ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ೧೯೮೨ರಲ್ಲಿ ಆಫ್ರಿಕಾ ಬಂಬಾಟ ಹೊರತಂದ ‘ಪ್ಲಾನೆಟ್ ರಾಕ್’ ಎಂಬ ತಟ್ಟೆಯಿಂದ ಅದರ ಶಬ್ದ ಜಗತ್ತಿಗೆಲ್ಲ ಪರಿಚಿತವಾಗಿತ್ತು. ಎರಡನೆಯ ಮಾರ್ಗವನ್ನು ಹಿಡಿದವನು ಅಮೆರಿಕದ ಗಿಟಾರ್ ವಾದಕ ರೋಜರ್ ಲಿನ್. ಅವನು ನಿರ್ಮಿಸಿದ ಎಲ್ಎಂ-೧ ಯಂತ್ರ ಶಬ್ದವನ್ನು ಹುಟ್ಟಿಸುತ್ತಿರಲಿಲ್ಲ. ನಿಜವಾದ ವಾದಕನು ನಿಜವಾದ ಡ್ರಮ್ಮಿನ ಮೇಲೆ ಕೊಟ್ಟ ಪೆಟ್ಟನ್ನು ಅಂಕಿಗಳಾಗಿ ಮಾರ್ಪಡಿಸಿ ಚಿಪ್ಪಿನಲ್ಲಿ ತುಂಬಿಟ್ಟು, ಅದನ್ನೇ ಹೊರಗೆ ಕೊಡುತ್ತಿತ್ತು. ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಬಲಾ ಪೆಟ್ಟಿಗೆಯನ್ನು ಇಟ್ಟುಕೊಂಡು ಅಭ್ಯಾಸ ಮಾಡುವ ನಮ್ಮ ಸಂಗೀತದ ವಿದ್ಯಾರ್ಥಿಗಳಿಗೆ ಇಂತಹ ಯಂತ್ರದ ಕಲ್ಪನೆ ಸುಲಭವಾಗಿ ಬಂದೀತು. ಲಿನ್ನನ ಯಂತ್ರದ ಬೆಲೆ ಸುಮಾರು ೫,೦೦೦ ಡಾಲರ್. ತಯಾರಾದವು ಸುಮಾರು ೫೦೦ ಮಾತ್ರ. ಅದರಲ್ಲಿ ಒಂದು ಕೊರತೆಯಿತ್ತು: ಕೊಂಡವನು ತನಗೆ ಬೇಕಾದ ಶಬ್ದವನ್ನು ತಾನೇ ಒಳಗೆ ಹಾಕುವಂತಿರಲಿಲ್ಲ. ತಯಾರಕನು ತುಂಬಿಕೊಟ್ಟುದೇ ಶಬ್ದ.

ಈ ಕೊರತೆ ನೀಗಿದಾಗ ನಿಜವಾದ ಕ್ರಾಂತಿಯಾಯಿತು. ಅದನ್ನು ಹೇಳುವ ಮೊದಲು ಸ್ಯಾಂಪ್ಲಿಂಗ್ ಎಂಬ ಕ್ರಿಯೆಯನ್ನು ತಿಳಿಯುವುದು ಅಗತ್ಯ. ಧಾನ್ಯದ ವ್ಯಾಪಾರಿ ಚೀಲದಿಂದ ಒಂದು ಹಿಡಿ ಕಾಳು ತೆಗೆದು ನೋಡಿ ಚೀಲದ ಗುಣವನ್ನು ಅರಿಯುತ್ತಾನೆ. ಆ ಹಿಡಿಯನ್ನು ನಾವು ಸ್ಯಾಂಪಲ್ ಅಥವಾ ಮಾದರಿ ಎನ್ನುತ್ತೇವೆ. ಶಬ್ದವೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಆ ಏರಿಳಿತವನ್ನು ಒಂದು ಸೆಕೆಂಡಿನಲ್ಲಿ ಹಲವು ಸಾವಿರ ಸಲ ಅಳೆದು, ಪ್ರತಿ ಸಲದ ಅಳತೆಯನ್ನೂ ಅಂಕಿಯಾಗಿ ಬರೆದಿಟ್ಟುಕೊಂಡರೆ, ಆ ಅಂಕಿಗಳ ಸಾಲಿನಿಂದ ಶಬ್ದವನ್ನು ಮತ್ತೆ ಕಟ್ಟಬಹುದು. ಜ್ವರ ಬಂದವನ ಮೈಯ ಕಾವನ್ನು ಗಂಟೆಗೊಮ್ಮೆ ಅಳೆದು ರೇಖಾಪಟದಲ್ಲಿ ಚುಕ್ಕೆಯಿಟ್ಟು ಜೋಡಿಸಿದಂತೆಯೇ ಇದು. ಚುಕ್ಕೆಗಳು ಎಷ್ಟು ಹತ್ತಿರವಿದ್ದರೆ ಗೆರೆ ಅಷ್ಟು ನಿಜಕ್ಕೆ ಸಮೀಪ. ಇಲ್ಲಿ ಎರಡು ವಿಷಯಗಳನ್ನು ನೋಡಬೇಕು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆ ಎಂಬುದೊಂದು. ಅಳೆಯುವ ಕೋಲಿನಲ್ಲಿ ಎಷ್ಟು ಗೀಟುಗಳಿವೆ ಎಂಬುದು ಇನ್ನೊಂದು. ೧೨ ಬಿಟ್ಟಿನ ಯಂತ್ರದ ಕೋಲಿನಲ್ಲಿ ೪,೦೯೬ ಗೀಟುಗಳು. ೧೬ ಬಿಟ್ಟಿನದರಲ್ಲಿ ೬೫,೫೩೬. ಎರಡನ್ನು ಹನ್ನೆರಡು ಸಲ ಮತ್ತು ಹದಿನಾರು ಸಲ ಗುಣಿಸಿ ನೋಡಿದರೆ ಈ ಸಂಖ್ಯೆಗಳು ವಿದ್ಯಾರ್ಥಿಗಳಿಗೇ ದೊರೆಯುವವು.

ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬುದು ಅಲ್ಪ ವರಮಾನದವರಿಗಾಗಿ ಆಡಳಿತದವರು ಕಟ್ಟಿಸಿದ ದೊಡ್ಡ ವಸತಿ ಬಡಾವಣೆ. ಅಲ್ಲಿಯ ಮಾರ್ಲಿ ಮಾರ್ಲ್ ಎಂಬ ತರುಣನು ಸ್ಟುಡಿಯೋದಲ್ಲಿ ಒಂದು ಹಳೆಯ ತಟ್ಟೆಯಿಂದ ಸ್ವರದ ತುಣುಕೊಂದನ್ನು ತೆಗೆಯಲು ಯತ್ನಿಸುತ್ತಿದ್ದಾಗ, ಅದರ ಬದಲಿಗೆ ಡ್ರಮ್ಮಿನ ಒಂದು ಪೆಟ್ಟು ಯಂತ್ರದೊಳಗೆ ಸೇರಿಕೊಂಡಿತೆಂದು ಅವನೇ ಹೇಳಿದ್ದಾನೆ. ಆ ಪೆಟ್ಟನ್ನು ಬೇರೆ ಲಯದಲ್ಲಿ ನುಡಿಸಿ ನೋಡಿದಾಗ, ಅದು ಡ್ರಮ್ ಯಂತ್ರದ ಕಟ್ಟಿಕೊಟ್ಟ ಶಬ್ದಕ್ಕಿಂತ ಎಷ್ಟೋ ಜೀವಂತವಾಗಿದೆಯೆಂದು ಅವನಿಗೆ ಹೊಳೆಯಿತು. ಯಾವ ತಟ್ಟೆಯ ಯಾವ ಡ್ರಮ್ಮಾದರೂ ಇನ್ನು ತನ್ನದೇ! ೧೯೮೬ರಲ್ಲಿ ಅವನು ಎಂ.ಸಿ. ಶಾನ್ ಎಂಬ ಗೆಳೆಯನಿಗಾಗಿ ರಚಿಸಿದ ‘ದಿ ಬ್ರಿಜ್’ ಎಂಬ ಹಾಡಿನಲ್ಲಿ ಈ ಉಪಾಯ ಫಲ ಕೊಟ್ಟಿತು. ಅದರ ಡ್ರಮ್ಮು ೧೯೭೩ರ ‘ಇಂಪೀಚ್ ದಿ ಪ್ರೆಸಿಡೆಂಟ್’ ಎಂಬ ತಟ್ಟೆಯದು. ಅಧ್ಯಕ್ಷ ನಿಕ್ಸನ್ನನನ್ನು ಪದಚ್ಯುತಗೊಳಿಸಬೇಕೆಂಬ ಆ ಹಾಡಿಗೆ ವಾದ್ಯ ನುಡಿಸಿದ ಹನಿ ಡ್ರಿಪ್ಪರ್ಸ್ ಎಂಬ ಮೇಳದವರು ಕ್ವೀನ್ಸ್‌ನ ಜಮೈಕ ಎಂಬ ಭಾಗದ ಹೈಸ್ಕೂಲಿನ ಹುಡುಗರು. ಶಾಲಾ ಹುಡುಗನೊಬ್ಬನು ಬಾರಿಸಿದ ಆ ನಾಲ್ಕು ಪೆಟ್ಟುಗಳು ಆ ಮೇಲೆ ನೂರಾರು ಹಾಡುಗಳೊಳಗೆ ಸೇರಿದವು.

ಆದರೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಹ ಯಂತ್ರ ಬಂದುದು ೧೯೮೭ರಲ್ಲಿ. ಕ್ಯಾಲಿಫೋರ್ನಿಯದ ಇ-ಮು ಸಂಸ್ಥೆಯ ಎಂಜಿನಿಯರ್ ಡೇವ್ ರಾಸಮ್ ಮೊದಲು ಎಸ್‌ಪಿ-೧೨ ಎಂಬುದನ್ನೂ ಅನಂತರ ಅದರ ಸುಧಾರಿತ ರೂಪವಾದ ಎಸ್‌ಪಿ-೧೨೦೦ ಎಂಬುದನ್ನೂ ನಿರ್ಮಿಸಿದನು. ಹೊರನೋಟಕ್ಕೆ ಇದು ದೊಡ್ಡ ಟೈಪ್‌ರೈಟರಿನಷ್ಟು ಅಗಲದ ಬೂದುಬಣ್ಣದ ಪೆಟ್ಟಿಗೆ. ಬೆರಳಿಂದ ಒತ್ತಲು ಎಂಟು ಗುಂಡಿಗಳು, ಮೇಲೆ ಕೆಳಗೆ ಸರಿಸಲು ಎಂಟು ಹಿಡಿಗಳು, ಶಬ್ದಗಳನ್ನು ಉಳಿಸಿಡಲು ಒಂದು ಫ್ಲಾಪಿ ತಟ್ಟೆ. ಅಳತೆ ಸೆಕೆಂಡಿಗೆ ೨೬,೦೪೦ ಸಲ. ಅಳತೆಯ ಕೋಲು ೧೨ ಬಿಟ್ಟಿನದು. ಒಟ್ಟು ಹಿಡಿಯುವ ಶಬ್ದ ಹತ್ತು ಸೆಕೆಂಡು. ಅದೂ ಒಂದು ತುಣುಕು ಎರಡೂವರೆ ಸೆಕೆಂಡನ್ನು ಮೀರುವಂತಿಲ್ಲ.

ಲೆಕ್ಕ ಮಾಡಿ ನೋಡೋಣ. ಹತ್ತು ಸೆಕೆಂಡಿಗೆ ೨,೬೦,೪೦೦ ಅಳತೆಗಳು. ಒಂದೊಂದಕ್ಕೆ ೧೨ ಬಿಟ್ಟಿನಂತೆ ೩೧,೨೪,೮೦೦ ಬಿಟ್ಟುಗಳು. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ೩,೯೦,೬೦೦ ಬೈಟುಗಳು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಇದರ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಆ ಕಾಲದಲ್ಲಿ ನೆನಪಿನ ಚಿಪ್ಪುಗಳು ದುಬಾರಿಯಾಗಿದ್ದುದರಿಂದ ಯಂತ್ರದ ಬೆಲೆಯನ್ನು ಹಿಡಿತದಲ್ಲಿಡಲು ಇಷ್ಟಕ್ಕೇ ತೃಪ್ತಿಪಡಬೇಕಾಗಿತ್ತು. ಬೇರೆ ಬೇರೆ ಡ್ರಮ್ಮಿನ ಒಂಟಿ ಪೆಟ್ಟುಗಳನ್ನು ಇಡಲು ಹತ್ತು ಸೆಕೆಂಡು ಸಾಕೆಂಬುದು ನಿರ್ಮಾಪಕರ ಲೆಕ್ಕವಾಗಿದ್ದಿರಬೇಕು. ಪೆಟ್ಟೊಂದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕಾಗದು.

ಹಿಪ್-ಹಾಪ್ ತರುಣರಿಗೆ ಬೇಕಾದದ್ದು ಒಂಟಿ ಪೆಟ್ಟಲ್ಲ, ತಟ್ಟೆಯಲ್ಲಿದ್ದ ಪೂರ್ಣ ಆವರ್ತ. ನಿಮಿಷಕ್ಕೆ ೯೦ ಮಾತ್ರೆಗಳ ನಡೆಯಲ್ಲಿ ನಾಲ್ಕು ಮಾತ್ರೆಗಳ ಒಂದು ಆವರ್ತಕ್ಕೆ ೨.೬೭ ಸೆಕೆಂಡು ಹಿಡಿಯುತ್ತದೆ. ಯಂತ್ರದ ಮಿತಿ ೨.೫ ಸೆಕೆಂಡು. ಕೂದಲೆಳೆಯಷ್ಟರಲ್ಲಿ ತಪ್ಪಿಹೋಗುತ್ತದೆ! ಇದಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ನೋಡಿದರೆ ಗಣಿತದ ಶಿಕ್ಷಕರು ತಲೆದೂಗಬೇಕು. ದೊಡ್ಡ ಗ್ರಾಮಫೋನು ತಟ್ಟೆ ನಿಮಿಷಕ್ಕೆ ೩೩⅓ ಸುತ್ತು ತಿರುಗಬೇಕಾದುದು. ಅದನ್ನು ೪೫ ಸುತ್ತಿನ ವೇಗದಲ್ಲಿ ತಿರುಗಿಸಿದರೆ ಹಾಡು ೧.೩೫ ಪಟ್ಟು ಬೇಗ ಮುಗಿಯುತ್ತದೆ. ಆಗ ೨.೬೭ ಸೆಕೆಂಡಿನ ಆವರ್ತಕ್ಕೆ ಹಿಡಿಯುವುದು ೧.೯೮ ಸೆಕೆಂಡು ಮಾತ್ರ. ಅದನ್ನು ಯಂತ್ರಕ್ಕೆ ತುಂಬಿ, ಯಂತ್ರದೊಳಗೆ ಮತ್ತೆ ಅದೇ ಪ್ರಮಾಣದಲ್ಲಿ ನಿಧಾನಗೊಳಿಸಿದರೆ ಮೂಲದ ನಡೆ ದೊರೆಯುತ್ತದೆ. ಹತ್ತು ಸೆಕೆಂಡಿನ ಪೆಟ್ಟಿಗೆ ಹದಿಮೂರೂವರೆ ಸೆಕೆಂಡಿನದಾಯಿತು.

ಮೂಲದ ನಡೆ ದೊರೆಯಿತು. ಮೂಲದ ಧ್ವನಿ ದೊರೆಯಲಿಲ್ಲ. ಇಲ್ಲಿಯೇ ಸ್ವಾರಸ್ಯವಿರುವುದು. ಸೆಕೆಂಡಿಗೆ ೨೬,೦೪೦ ಸಲ ಅಳೆಯುವ ಯಂತ್ರ ಅದರ ಅರ್ಧದಷ್ಟು, ಎಂದರೆ ಸೆಕೆಂಡಿಗೆ ೧೩,೦೨೦ ಕಂಪನಗಳವರೆಗಿನ ಸ್ವರಗಳನ್ನು ಮಾತ್ರ ಹಿಡಿಯಬಲ್ಲದು. ವೇಗ ಹೆಚ್ಚಿಸಿ ತುಂಬಿ, ಬಳಿಕ ನಿಧಾನಿಸಿದಾಗ ಆ ಮಿತಿ ಸುಮಾರು ೯,೬೦೦ಕ್ಕೆ ಇಳಿಯುತ್ತದೆ. ತಾಳದ ತಟ್ಟೆಗಳ ಹೊಳಪು ಮಾಯವಾಗಿ ಶಬ್ದ ಮಬ್ಬಾಗುತ್ತದೆ. ಅದರ ಮೇಲೆ, ಈ ಯಂತ್ರ ನಿಧಾನಿಸುವ ಕ್ರಮವೇ ಒರಟಾದುದು: ನಡುನಡುವೆ ಒಂದು ಅಳತೆಯನ್ನು ಎರಡು ಸಲ ಹೇಳಿ ಕಾಲವನ್ನು ತುಂಬಿಸುತ್ತದೆ. ನುಣುಪಾದ ಅಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಮೂಲದಲ್ಲಿಲ್ಲದ ಒಂದು ಗರಗರ, ಒಂದು ಸಣ್ಣ ಝೇಂಕಾರ ಸೇರಿಕೊಳ್ಳುತ್ತದೆ. ಎಂಜಿನಿಯರನ ದೃಷ್ಟಿಯಲ್ಲಿ ಇದು ದೋಷ. ಆ ತರುಣರ ಕಿವಿಗೆ ಅದೇ ಡ್ರಮ್ಮಿನ ಪೆಟ್ಟಿಗೆ ಬಂದ ತೂಕ, ಮಣ್ಣಿನ ವಾಸನೆ. ಮಡಕೆಯ ಮೇಲಿನ ಕುಂಬಾರನ ಬೆರಳ ಗುರುತಿನಂತೆ ಅದು ಆ ಕಾಲದ ಹಾಡುಗಳ ಮೇಲೆಲ್ಲ ಉಳಿದಿದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಮುಂದೆ ಬಂದ ಶುದ್ಧ ಶಬ್ದದ ಯಂತ್ರಗಳಿಗಿಂತ ಈ ಒರಟು ಪೆಟ್ಟಿಗೆಯ ಡ್ರಮ್ಮೇ ಕೇಳಲು ಹಿತವಾಗಿದೆ.

ಇನ್ನೊಂದು ಪರಿಣಾಮವೂ ಆಯಿತು. ಜಾಗ ಕಡಿಮೆಯಾದುದರಿಂದ ತಟ್ಟೆಯ ಉದ್ದವಾದ ಭಾಗವನ್ನು ಹಾಗೆಯೇ ಎತ್ತಿಡುವುದು ಸಾಧ್ಯವಿರಲಿಲ್ಲ. ಒಂದು ತಟ್ಟೆಯ ದೊಡ್ಡ ಪೆಟ್ಟು, ಇನ್ನೊಂದರ ಸಣ್ಣ ಪೆಟ್ಟು, ಮತ್ತೊಂದರ ಅರ್ಧ ಸೆಕೆಂಡಿನ ಕಹಳೆ, ಹೀಗೆ ಚೂರು ಚೂರು ಮಾಡಿ, ಎಂಟು ಗುಂಡಿಗಳಿಗೆ ಹಂಚಿ, ಬೆರಳಿನಿಂದ ಹೊಸದಾಗಿ ನುಡಿಸಬೇಕಾಯಿತು. ಚಿಂದಿಬಟ್ಟೆಗಳಿಂದ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಕೆಲಸದ ಸ್ವರೂಪ ತಿಳಿದೀತು. ಚಿಂದಿ ಪರರ ಸೀರೆಯದಾದರೂ ಕೌದಿಯ ವಿನ್ಯಾಸ ಹೊಲಿದವಳದು. ೧೯೮೮ರಲ್ಲಿ ಪಬ್ಲಿಕ್ ಎನಿಮಿ ಎಂಬ ತಂಡ ಹೊರತಂದ ಹಾಡುಗಳ ಸಂಪುಟದಲ್ಲಿ ಇಂತಹ ಹತ್ತಾರು ಚೂರುಗಳನ್ನು ಪದರ ಪದರವಾಗಿ ಪೇರಿಸಿ, ಸೈರನ್ನಿನ ಕೂಗನ್ನೂ ಭಾಷಣದ ತುಣುಕನ್ನೂ ಹೆಣೆದು, ಬೀದಿಯ ಕೋಲಾಹಲವನ್ನೇ ಸಂಗೀತವಾಗಿಸಿದರು. ಇದರ ತೀರ ವಿರುದ್ಧ ಗುಣದ್ದು ೧೯೯೨ರಲ್ಲಿ ಪೀಟ್ ರಾಕ್ ಮತ್ತು ಸಿ.ಎಲ್. ಸ್ಮೂತ್ ಎಂಬಿಬ್ಬರು ಹೊರತಂದ ‘ದೇ ರೆಮಿನಿಸ್ ಓವರ್ ಯೂ’ ಎಂಬ ಹಾಡು. ೧೯೯೦ರಲ್ಲಿ ತೀರಿಕೊಂಡ ಟ್ರಾಯ್ ಡಿಕ್ಸನ್ ಎಂಬ ಗೆಳೆಯನ ಸ್ಮರಣೆಗಾಗಿ ರಚಿತವಾದುದು ಅದು. ಟಾಮ್ ಸ್ಕಾಟ್ ಎಂಬಾತನ ೧೯೬೭ರ ತಟ್ಟೆಯೊಂದರಿಂದ ಸ್ಯಾಕ್ಸೊಫೋನಿನ ಒಂದು ಎಳೆಯನ್ನು ಪೀಟ್ ರಾಕ್ ಎಸ್‌ಪಿ-೧೨೦೦ರಲ್ಲಿ ಹಿಡಿದು ಮರಳಿ ಮರಳಿ ನುಡಿಸಿದ್ದಾನೆ. ಯಂತ್ರದಿಂದ ಶೋಕರಸ ಹೊರಡಲಾರದೆಂದು ಹೇಳುವವರು ಈ ಹಾಡನ್ನು ಒಮ್ಮೆ ಕೇಳಬೇಕೆಂದು ನಮ್ಮ ವಿನಂತಿ.

ಲಿನ್ನನ ಸ್ವಂತ ಸಂಸ್ಥೆ ೧೯೮೬ರಲ್ಲಿ ಮುಚ್ಚಿತು. ಅವನು ಜಪಾನಿನ ಅಕಾಯ್ ಸಂಸ್ಥೆಯೊಡನೆ ಕೂಡಿ ೧೯೮೮ರಲ್ಲಿ ಎಂಪಿಸಿ-೬೦ ಎಂಬ ಯಂತ್ರವನ್ನು ತಂದನು. ಇದರ ಅಳತೆ ಸೆಕೆಂಡಿಗೆ ೪೦,೦೦೦ ಸಲ; ಹಿಡಿಯುವ ಶಬ್ದ ೧೩.೧ ಸೆಕೆಂಡು, ಹೆಚ್ಚಿನ ಚಿಪ್ಪು ಹಾಕಿಸಿದರೆ ಅದರ ಎರಡರಷ್ಟು. ನಾಲ್ಕು ಸಾಲುಗಳಲ್ಲಿ ಹದಿನಾರು ರಬ್ಬರಿನ ಚೌಕಗಳು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಬಲವಾಗಿ ತಟ್ಟಿದರೆ ಬಲವಾಗಿ ನುಡಿಯುವ ಈ ಚೌಕಗಳಿಂದಾಗಿ ಯಂತ್ರ ವಾದ್ಯದ ಪಂಕ್ತಿಗೆ ಸೇರಿತು.

ಲಿನ್ನನ ಇನ್ನೊಂದು ಕೊಡುಗೆಯನ್ನು ತಾಳ ತಿಳಿದ ನಮ್ಮ ಓದುಗರು ಬೇಗ ಗ್ರಹಿಸುವರು. ಬೆರಳಿನಿಂದ ತಟ್ಟುವಾಗ ಪೆಟ್ಟು ಅತ್ತಿತ್ತ ಸರಿಯುವುದು ಸಹಜ. ಅದನ್ನು ಹತ್ತಿರದ ಸರಿಯಾದ ಸ್ಥಾನಕ್ಕೆ ಎಳೆದು ಕೂರಿಸುವ ವ್ಯವಸ್ಥೆಯನ್ನು ಅವನು ಎಲ್ಎಂ-೧ರಲ್ಲಿಯೇ ಇರಿಸಿದ್ದನು. ಆದರೆ ಎಲ್ಲವೂ ಕರಾರುವಾಕ್ಕಾದಾಗ ಲಯ ಮರಗಟ್ಟಿದಂತೆ ಕೇಳಿಸುತ್ತದೆ. ಆದ್ದರಿಂದ ಜೋಡಿ ಪೆಟ್ಟುಗಳಲ್ಲಿ ಎರಡನೆಯದನ್ನು ತುಸು ತಡಮಾಡುವ ಉಪಾಯವನ್ನೂ ಸೇರಿಸಿದನು. ಇದಕ್ಕೆ ಸ್ವಿಂಗ್ ಎಂದು ಹೆಸರು. ನಿಮಿಷಕ್ಕೆ ೯೦ ಮಾತ್ರೆಗಳ ನಡೆಯಲ್ಲಿ ಮಾತ್ರೆಯನ್ನು ನಾಲ್ಕಾಗಿ ಸೀಳಿದರೆ ಎರಡು ಕಾಲುಗಳ ಒಂದು ಜೋಡಿಗೆ ೩೩೩ ಮಿಲಿಸೆಕೆಂಡು. ಎರಡನೆಯ ಪೆಟ್ಟು ಸರಿಯಾಗಿ ನಡುವೆ, ಎಂದರೆ ೧೬೭ನೆಯ ಮಿಲಿಸೆಕೆಂಡಿನಲ್ಲಿ ಬಿದ್ದರೆ ಅದು ಶೇಕಡ ೫೦. ನಮ್ಮ ಚತುರಶ್ರ ನಡೆ. ೨೨೦ರ ಹತ್ತಿರ ಬಿದ್ದರೆ ಶೇಕಡ ೬೬, ತಿಶ್ರದ ತೂಗಾಟ. ಇವೆರಡರ ನಡುವೆ, ಚತುರಶ್ರವೂ ಅಲ್ಲದ ತಿಶ್ರವೂ ಅಲ್ಲದ ಶೇಕಡ ೫೪, ೫೮ ಎಂಬ ಸ್ಥಾನಗಳಿವೆ. ಶೇಕಡ ೫೪ರಲ್ಲಿ ಪೆಟ್ಟು ತಡವಾಗುವುದು ಹದಿಮೂರು ಮಿಲಿಸೆಕೆಂಡು ಮಾತ್ರ. ಕಿವಿ ಅದನ್ನು ತಡವೆಂದು ಗುರುತಿಸದು. ತಲೆ ಮಾತ್ರ ತಾನಾಗಿ ತೂಗತೊಡಗುತ್ತದೆ. ಒಳ್ಳೆಯ ಚೆಂಡೆಯವನ ಕೈಯಲ್ಲಿ ಲೆಕ್ಕಕ್ಕೆ ಸಿಗದ ಒಂದು ಎಳೆತವಿರುವುದನ್ನು ನಾವೆಲ್ಲ ಬಲ್ಲೆವು. ಅದರ ಒಂದಂಶವನ್ನು ಲಿನ್ ಶೇಕಡದ ಲೆಕ್ಕಕ್ಕೆ ತಂದನು.

ಡೆಟ್ರಾಯಿಟ್ ನಗರದ ಜೇಮ್ಸ್ ಯಾನ್ಸಿ, ಜೆ ಡಿಲ್ಲಾ ಎಂದು ಪ್ರಸಿದ್ಧನಾದವನು, ಇನ್ನೂ ಮುಂದೆ ಹೋದನು. ೧೯೯೪ರಲ್ಲಿ ಬಂದ ೧೬ ಬಿಟ್ಟಿನ ಎಂಪಿಸಿ-೩೦೦೦ ಯಂತ್ರದಲ್ಲಿ ಕೆಲವು ಪೆಟ್ಟುಗಳನ್ನು ಬೇಕೆಂದೇ ಸರಿಪಡಿಸದೆ, ಒಂದನ್ನು ಮುಂಚಿತವಾಗಿ, ಒಂದನ್ನು ತಡವಾಗಿ ಬೀಳಿಸಿ, ಎಡವಿದಂತೆ ಕಂಡರೂ ಬೀಳದ ಒಂದು ನಡಿಗೆಯನ್ನು ರೂಪಿಸಿದನು. ಯಂತ್ರದಿಂದ ಕಲಿತ ಆ ನಡಿಗೆಯನ್ನು ಇಂದು ಡ್ರಮ್ ವಾದಕರು ಕೈಯಲ್ಲಿ ಬಾರಿಸಲು ಅಭ್ಯಾಸ ಮಾಡುತ್ತಿದ್ದಾರೆ. ಡಿಲ್ಲಾ ೨೦೦೬ರ ಫೆಬ್ರವರಿ ೧೦ರಂದು, ತನ್ನ ೩೨ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ತಾಯಿಯವರು ಆ ಯಂತ್ರವನ್ನು ೨೦೧೪ರಲ್ಲಿ ವಾಷಿಂಗ್ಟನ್ನಿನ ಆಫ್ರಿಕನ್-ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

ಎಸ್‌ಪಿ-೧೨೦೦ರ ತಯಾರಿಕೆ ೧೯೯೮ರಲ್ಲಿ ನಿಂತಿತು. ಆ ಬಳಿಕ ಈ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ನೆನಪಿಗೆ ಮಿತಿಯೆಂಬುದೇ ಉಳಿಯಲಿಲ್ಲ. ಆದರೂ ಹಳೆಯ ಪೆಟ್ಟಿಗೆಗಳಿಗೆ ಬೇಡಿಕೆ ಕುಗ್ಗದುದರಿಂದ ರಾಸಮ್ ೨೦೨೧ರಲ್ಲಿ ಅದೇ ಯಂತ್ರವನ್ನು ಮತ್ತೆ ತಯಾರಿಸಿದನು. ಉತ್ತಮಪಡಿಸಲು ಈಗ ಏನೇನೂ ಅಡ್ಡಿಯಿಲ್ಲದಿದ್ದರೂ ಅದೇ ೧೨ ಬಿಟ್ಟಿನ ಕೋಲನ್ನೂ ಅದೇ ೨೬,೦೪೦ರ ಅಳತೆಯನ್ನೂ ಉಳಿಸಿಕೊಂಡಿದ್ದಾನೆ.

ಇಷ್ಟರವರೆಗೆ ಯಂತ್ರದ ಮತ್ತು ಯಂತ್ರವನ್ನು ಹಿಡಿದವರ ಮಾತಾಯಿತು. ಪೆಟ್ಟು ಯಾರದು? ಪಾಲಕರು ಎತ್ತಬೇಕಾದ ಪ್ರಶ್ನೆ ಇದೆಂದು ನಮಗೆ ತೋರುತ್ತದೆ.

೧೯೬೯ರ ನವೆಂಬರ್ ೨೦ರಂದು ಸಿನ್ಸಿನಾಟಿ ನಗರದಲ್ಲಿ ಜೇಮ್ಸ್ ಬ್ರೌನ್ ಎಂಬ ಪ್ರಖ್ಯಾತ ಗಾಯಕನ ಮೇಳ ‘ಫಂಕಿ ಡ್ರಮ್ಮರ್’ ಎಂಬ ಹಾಡನ್ನು ಮುದ್ರಿಸಿತು. ಡ್ರಮ್ ಬಾರಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಟೆನ್ನೆಸೀ ರಾಜ್ಯದ ಕಾರ್ಖಾನೆಗಳ ಊರಿನಲ್ಲಿ ಹುಟ್ಟಿ, ಯಂತ್ರಗಳ ಮತ್ತು ರೈಲುಗಾಡಿಗಳ ಸದ್ದಿನಿಂದ ಲಯವನ್ನು ಕಲಿತವನೆಂದು ಅವನು ಹೇಳಿಕೊಳ್ಳುತ್ತಿದ್ದನು. ಹಾಡಿನ ಕೊನೆಯ ಭಾಗದಲ್ಲಿ ಬ್ರೌನ್ ಇತರರನ್ನು ನಿಲ್ಲಿಸಿ, ಡ್ರಮ್ಮಿನವನಿಗೆ ಕೈಚಳಕ ತೋರಿಸದೆ ಬಾರಿಸುತ್ತಿರುವುದನ್ನೇ ಮುಂದುವರಿಸಲು ಸೂಚಿಸುತ್ತಾನೆ. ಆಗ ಬರುವ ಎಂಟು ಆವರ್ತಗಳು ಈ ಯಂತ್ರಗಳ ಮೂಲಕ ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಹೋಗಿ ಸೇರಿದವು. ಅದೇ ೧೯೬೯ರಲ್ಲಿ ವಿನ್‌ಸ್ಟನ್ಸ್ ಎಂಬ ಮೇಳದ ‘ಆಮೆನ್ ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಆರೇಳು ಸೆಕೆಂಡುಗಳದು ಇನ್ನೂ ದೊಡ್ಡ ಕಥೆ. ಇಂಗ್ಲೆಂಡಿನಲ್ಲಿ ಒಂದು ಸಂಗೀತಪ್ರಕಾರವೇ ಆ ತುಣುಕಿನ ಮೇಲೆ ನಿಂತಿದೆ.

ಇದು ಕಳ್ಳತನವೇ? ೧೯೯೧ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಹೌದೆಂದಿತು. ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕನು ಗಿಲ್ಬರ್ಟ್ ಒ’ಸಲಿವನ್ ಎಂಬ ಗಾಯಕನ ೧೯೭೨ರ ಹಾಡಿನ ಭಾಗವನ್ನು ಅಪ್ಪಣೆಯಿಲ್ಲದೆ ಬಳಸಿದ್ದನು. ಕದಿಯಬಾರದೆಂಬ ಬೈಬಲಿನ ಆಜ್ಞೆಯಿಂದಲೇ ನ್ಯಾಯಾಧೀಶನು ತೀರ್ಪನ್ನು ಆರಂಭಿಸಿದನು. ಅಂದಿನಿಂದ ಪ್ರತಿ ತುಣುಕಿಗೂ ಅಪ್ಪಣೆ ಪಡೆದು ಹಣ ತೆರುವ ಪದ್ಧತಿ ಬಲವಾಯಿತು. ಹತ್ತಾರು ತುಣುಕುಗಳನ್ನು ಪೇರಿಸುವ ೧೯೮೮ರ ರೀತಿಯ ರಚನೆ ಹಣವುಳ್ಳವರಿಗೂ ಕಷ್ಟವಾಯಿತು. ಕಾನೂನು ತನ್ನ ಕೆಲಸ ಮಾಡಿತು, ನಿಜ. ಆದರೆ ಆ ಹಣ ಹೋಗುವುದು ಹಾಡಿನ ರಚನಕಾರನೆಂದು ಹೆಸರುಳ್ಳವನಿಗೆ ಮತ್ತು ಮುದ್ರಣದ ಒಡೆತನವುಳ್ಳ ಸಂಸ್ಥೆಗೆ. ಅಂದಿನ ದಿನ ಕೂಲಿ ಪಡೆದು ಡ್ರಮ್ ಬಾರಿಸಿ ಹೋದವನಿಗೆ ಅದರಲ್ಲಿ ಪಾಲಿಲ್ಲ.

ಹಿಂದಿನವರ ಸೊತ್ತಿನಿಂದ ಹೊಸತನ್ನು ಕಟ್ಟುವುದು ಕನ್ನಡಿಗರಿಗೆ ಅಪರಿಚಿತವಲ್ಲ. ವ್ಯಾಸರ ಕಥೆಯನ್ನು ನಮ್ಮ ಎಷ್ಟು ಕವಿಗಳು ಹೇಳಿಲ್ಲ! ಆದರೆ ಹಳಗನ್ನಡದ ಕವಿಗಳು ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ಹೆಸರೆತ್ತಿ ಸ್ಮರಿಸುತ್ತಿದ್ದರು. ತಟ್ಟೆಗಳನ್ನು ಚೂರುಮಾಡಿ ಕೌದಿ ಹೊಲಿದ ತರುಣರ ಜಾಣ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅವರಿಗೆ ವಾದ್ಯ ಕೊಡದ ಸಮಾಜ ಅವರನ್ನು ಕಳ್ಳರೆನ್ನುವುದು ನಮಗೆ ಒಪ್ಪಿಗೆಯಾಗದು. ಹಾಗಿದ್ದರೂ ತಟ್ಟೆಯ ಹೊದಿಕೆಯ 
ಮೇಲೆ ಒಂದು ಸಾಲು, ಒಂದು ಹೆಸರು ಬರೆಯಲು ಯಂತ್ರದ ನೆನಪು ಅಡ್ಡಿಯಾಗಿರಲಿಲ್ಲ.

ಕೋಲ್ಮನ್ ೨೦೦೬ರಲ್ಲಿ ಮನೆಮಠವಿಲ್ಲದೆ ತೀರಿಕೊಂಡನು. ಅವನ ಮೇಳದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರನಿಗೆ ೨೦೧೫ರಲ್ಲಿ ಇಂಗ್ಲೆಂಡಿನ ಅಭಿಮಾನಿಗಳು ಅಂತರಜಾಲದಲ್ಲಿ ವಂತಿಗೆ ಎತ್ತಿ ಸುಮಾರು ೨೪,೦೦೦ ಪೌಂಡುಗಳನ್ನು ಒಪ್ಪಿಸಿದರು. ಸ್ಟಬಲ್‌ಫೀಲ್ಡ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ನೆಲೆಸಿ, ಸ್ಥಳೀಯ ಮೇಳಗಳೊಡನೆ ಬಾರಿಸುತ್ತ ಜೀವನ ಸಾಗಿಸಿದನು. ಹಣ ಬಾರದುದು ತನ್ನನ್ನು ಅಷ್ಟಾಗಿ ಕಾಡಲಿಲ್ಲವೆಂದೂ, ಬಳಸಿದ್ದಕ್ಕೆ ಕೊಡಬೇಕಾದುದನ್ನು ಕೊಡದಿರುವುದು ಮಾತ್ರ ಅಗೌರವವೆಂದೂ ಅವನು ೨೦೧೧ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದನು. ೨೦೧೭ರ ಫೆಬ್ರವರಿ ೧೮ರಂದು ಅವನು ನಿಧನನಾದನು. ‘ಫಂಕಿ ಡ್ರಮ್ಮರ್’ ಹಾಡಿನ ರಚನಕಾರನೆಂದು ತಟ್ಟೆಯ ಮೇಲೆ ಮುದ್ರಿತವಾಗಿರುವ ಹೆಸರು ಜೇಮ್ಸ್ ಬ್ರೌನನದು.